ಮನೆಯಲ್ಲಿ ಆಂಗ್ಲಭಾಷಾಭ್ಯಾಸ

ಇಂಗ್ಲಿಷನ್ನು ಮನೆಯಲ್ಲಿಯೇ ಕಲಿಯುವುದು ಸಾಧ್ಯವೇ ಎಂದು ಗೃಹಸ್ಥರು ನಮ್ಮನ್ನು ಆಗಾಗ ಕೇಳುವುದುಂಟು. ಕೇಳುವವರ ಮುಖವನ್ನು ನೋಡಿದರೆ ಆ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಅಡಗಿರುವುದು ಕಾಣುತ್ತದೆ. "ನಮಗೇ ಸರಿಯಾಗಿ ಬಾರದ ಭಾಷೆಯನ್ನು ಮಕ್ಕಳಿಗೆ ಹೇಗೆ ಕಲಿಸಿಯೇವು?" ಎಂಬುದೇ ಆ ಒಳಗಿನ ಪ್ರಶ್ನೆ. ತಂದೆಯು ಅಂಗಡಿಯ ಲೆಕ್ಕವನ್ನೋ ತೋಟದ ಕೆಲಸವನ್ನೋ ಚೆನ್ನಾಗಿ ಬಲ್ಲವನು. ತಾಯಿಯು ಕನ್ನಡದ ಕಥೆ ಕಾದಂಬರಿಗಳನ್ನು ಓದಿ ಸುಖಪಡುವವಳು. ಆದರೂ ಮಗುವಿನ ಇಂಗ್ಲಿಷು ಪುಸ್ತಕವನ್ನು ಕೈಗೆತ್ತಿಕೊಂಡೊಡನೆ ಇಬ್ಬರೂ ಮೂಕರಾಗುತ್ತಾರೆ. ಮಗುವು ಇದನ್ನು ಬೇಗನೆ ಕಂಡುಕೊಳ್ಳುತ್ತದೆ. ಕೆಲವು ಕಾಲದ ಮೇಲೆ "ಅಮ್ಮಾ, ಇದೆಲ್ಲ ನಿನಗೆ ತಿಳಿಯುವುದಿಲ್ಲ, ಬಿಡು" ಎಂಬ ಮಾತು ಬರುತ್ತದೆ. ಒಂದು ಭಾಷೆಯನ್ನು ಕಲಿಯಹೊರಟ ಮಗು ತಾಯಿಯನ್ನು ಅಲ್ಪಳೆಂದು ಎಣಿಸುವುದನ್ನೂ ಅದರ ಜೊತೆಯಲ್ಲಿ ಕಲಿತರೆ, ಆ ವಿದ್ಯೆಗೆ ಕೊಟ್ಟ ಬೆಲೆ ಹೆಚ್ಚಾಯಿತೆಂದೇ ನಾವು ತಿಳಿಯುತ್ತೇವೆ.

ಕರ್ನಾಟಕದ ಸರಕಾರಿ ಕನ್ನಡ ಶಾಲೆಗಳಲ್ಲಿ ೨೦೦೭-೦೮ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷು ಒಂದು ಭಾಷೆಯಾಗಿ ಪಾಠಕ್ಕೆ ಬಂದಿದೆ. ಆದುದರಿಂದ ಈ ಪ್ರಶ್ನೆ ಈಗ ಪಟ್ಟಣದ ಮನೆಗಳಿಗೆ ಮಾತ್ರ ಸೇರಿದುದಲ್ಲ. ಶಾಲೆಯಲ್ಲಿ ಆಗುವ ಪಾಠ ಶಾಲೆಗೆ ಬಿಟ್ಟದ್ದು. ಮನೆಯಲ್ಲಿ ಆಗಬಹುದಾದುದನ್ನು ಕುರಿತು ಮಾತ್ರ ಇಲ್ಲಿ ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ನಾವು ವೃತ್ತಿಯಿಂದ ಸಂಸ್ಕೃತದ ಉಪಾಧ್ಯಾಯರಾಗಿದ್ದವರು. ಇಂಗ್ಲಿಷನ್ನು ಕುರಿತು ಹೇಳಲು ಇವರಿಗೇನು ಅಧಿಕಾರವೆಂದು ವಾಚಕರು ಕೇಳಬಹುದು. ಅದಕ್ಕೆ ನಮ್ಮ ಉತ್ತರವಿಷ್ಟೆ. ಮನೆಯಲ್ಲಿ ಯಾರೂ ಆಡದ, ಬೀದಿಯಲ್ಲಿಯೂ ಕೇಳಬಾರದ ಭಾಷೆಯೊಂದನ್ನು ಪುಸ್ತಕದ ಬಲದಿಂದಲೇ ಕಲಿಯುವುದು ಹೇಗೆಂಬುದನ್ನು ಸಂಸ್ಕೃತದ ವಿದ್ಯಾರ್ಥಿಗಳು ತಲೆಮಾರುಗಳಿಂದ ಬಲ್ಲರು. ಯಾವುದರಿಂದ ಭಾಷೆ ಹತ್ತುತ್ತದೆ, ಯಾವುದರಿಂದ ಬರಿಯ ಬಾಯಿಪಾಠ ಉಳಿಯುತ್ತದೆ ಎಂಬ ಭೇದವು ಅವರ ಅನುಭವಕ್ಕೆ ಬಂದ ಸಂಗತಿ.

ನಮ್ಮ ನಿರ್ಣಯವನ್ನು ಮೊದಲೇ ಹೇಳಿಬಿಡುವುದು ಮೇಲು. ಇಂಗ್ಲಿಷು ಬಾರದ ಮನೆಯಲ್ಲಿಯೂ ಇಂಗ್ಲಿಷನ್ನು ಕಲಿಯಬಹುದು. ಅದಕ್ಕೆ ಮೂರು ಸಾಧನಗಳು ಬೇಕು. ದಿನವೂ ಸ್ವಲ್ಪ ಓದಬೇಕು; ಓದಿದುದರಲ್ಲಿ ಸ್ವಲ್ಪವನ್ನು ಆ ದಿನವೇ ಬರೆಯಬೇಕು; ಓದಿ ಬರೆದುದನ್ನು ಕನ್ನಡದಲ್ಲಿ ಕೇಳುವವರೊಬ್ಬರು ಮನೆಯಲ್ಲಿ ಇರಬೇಕು. ಮೂರನೆಯ ಸಾಧನವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಮೂರರಲ್ಲಿ ಅದೇ ಮುಖ್ಯವಾದುದು.

ಪದಗಳ ರಾಶಿ ಭಾಷೆಯಲ್ಲ

ಶಬ್ದಗಳನ್ನು ಬಾಯಿಪಾಠ ಮಾಡಿಸುವುದು ನಮ್ಮಲ್ಲಿ ಬಹುಕಾಲದಿಂದ ಬಂದ ರೂಢಿ. ದಿನಕ್ಕೆ ಹತ್ತು ಪದಗಳಂತೆ ಅರ್ಥಸಹಿತವಾಗಿ ಒಪ್ಪಿಸಿದರೆ ವರ್ಷಕ್ಕೆ ಮೂರೂವರೆ ಸಾವಿರಕ್ಕಿಂತ ಹೆಚ್ಚಾದವಲ್ಲ ಎಂದು ತಂದೆಯು ಲೆಕ್ಕ ಹಾಕುತ್ತಾನೆ. ಲೆಕ್ಕವೇನೋ ಸರಿ. ಆದರೆ ಅಮರಕೋಶದ ಮೂರು ಕಾಂಡಗಳನ್ನೂ ತಡೆಯಿಲ್ಲದೆ ಒಪ್ಪಿಸಿ, ಒಂದು ಲೋಟ ನೀರು ಬೇಕೆಂಬುದನ್ನು ಸಂಸ್ಕೃತದಲ್ಲಿ ಹೇಳಲಾರದೆ ತಡವರಿಸುವ ಹುಡುಗರನ್ನು ನಾವು ಎಷ್ಟೋ ಮಂದಿಯನ್ನು ಕಂಡಿದ್ದೇವೆ.

ಮಹಾಭಾಷ್ಯದ ಆರಂಭದಲ್ಲಿ ಪತಂಜಲಿಯು ಒಂದು ಐತಿಹ್ಯವನ್ನು ತಿಳಿಸುತ್ತಾನೆ. ಪಾಠ ಹೇಳುವವನು ದೇವಗುರುವಾದ ಬೃಹಸ್ಪತಿ, ಕೇಳುವವನು ದೇವೇಂದ್ರ, ಅವಕಾಶವೋ ದೇವಮಾನದ ಒಂದು ಸಾವಿರ ವರ್ಷ. ಗುರುವು ಒಂದೊಂದೇ ಶಬ್ದವನ್ನು ಹೇಳುತ್ತ ಹೋದನಂತೆ. ಆದರೂ ಶಬ್ದಗಳ ಕೊನೆ ಮುಟ್ಟಲಿಲ್ಲವಂತೆ. ಅಂಥ ಗುರುಶಿಷ್ಯರಿಗೇ ಮುಗಿಯದ ಕೆಲಸ ನಮ್ಮ ಮಕ್ಕಳಿಗೆ ಮುಗಿದೀತೇ? ಪತಂಜಲಿಯು ಇದನ್ನು ಹೇಳಿದ್ದು ವ್ಯಾಕರಣದ ನಿಯಮಗಳು ಏತಕ್ಕೆ ಬೇಕೆಂಬುದನ್ನು ತೋರಿಸುವುದಕ್ಕಾಗಿ. ಹಾಗಾದರೆ ವ್ಯಾಕರಣದಿಂದಲೇ ಆರಂಭಿಸೋಣವೇ ಎಂದರೆ, ಅದೂ ಎಳೆಯರಿಗೆ ಒಗ್ಗದು. ಪಾಣಿನಿಯು ಸುಮಾರು ನಾಲ್ಕು ಸಾವಿರ ಸೂತ್ರಗಳನ್ನು ರಚಿಸಿದುದು ಆ ಭಾಷೆಯನ್ನು ಆಗಲೇ ಆಡುತ್ತಿದ್ದ ಜನರ ನಡುವೆ. ಭಾಷೆ ಕೈಗೆ ಬಂದ ಮೇಲೆ ವ್ಯಾಕರಣವು ಅದನ್ನು ತಿದ್ದುತ್ತದೆ. ಕೈಗೆ ಬಾರದ ಭಾಷೆಯನ್ನು ತಿದ್ದುವುದೆಂತು? ಆದಕಾರಣ ಮೊದಲು ವಾಕ್ಯ. ವಾಕ್ಯದ ಒಳಗೆ ಪದ. ನಿಯಮವು ಆ ಬಳಿಕ.

ಹಿಂದಿನವರ ಮೇಲ್ಪಂಕ್ತಿ

ಓದು ಬರಹಗಳನ್ನು ಜೋಡಿಸಿ ಭಾಷೆಯನ್ನು ಕಲಿಯುವುದು ಹೊಸ ಮಾತೇನೂ ಅಲ್ಲ. ಇಂಗ್ಲೆಂಡಿನಲ್ಲಿ ರೋಜರ್ ಆಸ್ಕಮ್ ಎಂಬ ಉಪಾಧ್ಯಾಯನಿದ್ದನು. ಮುಂದೆ ರಾಣಿಯಾದ ಎಲಿಜಬೆತ್ತಳಿಗೆ ಗ್ರೀಕ್ ಲ್ಯಾಟಿನ್ ಭಾಷೆಗಳನ್ನು ಹೇಳಿಕೊಟ್ಟವನು ಇವನೇ. ೧೫೬೩ರಲ್ಲಿ, ಹೊಡೆತಕ್ಕೆ ಅಂಜಿ ಕೆಲವು ಹುಡುಗರು ಶಾಲೆಯಿಂದ ಓಡಿಹೋದರೆಂಬ ಸುದ್ದಿಯು ಅರಮನೆಯ ಭೋಜನದ ವೇಳೆಯಲ್ಲಿ ಚರ್ಚೆಗೆ ಬಂದಿತು. ಆ ಚರ್ಚೆಯೇ ಕಾರಣವಾಗಿ ಅವನು 'ದಿ ಸ್ಕೂಲ್‌ಮಾಸ್ಟರ್' ಎಂಬ ಗ್ರಂಥವನ್ನು ಬರೆದನು. ಅವನ ಮರಣಾನಂತರ ೧೫೭೦ರಲ್ಲಿ ಅದು ಅಚ್ಚಾಯಿತು. ಅವನು ಹೇಳಿದ ಕ್ರಮ ಬಹಳ ಸರಳವಾದುದು. ಹುಡುಗನು ಲ್ಯಾಟಿನ್ ಪಾಠವನ್ನು ತನ್ನ ಮಾತಾದ ಇಂಗ್ಲಿಷಿಗೆ ತಿರುಗಿಸಿ ಒಂದು ಪುಸ್ತಕದಲ್ಲಿ ಬರೆಯಬೇಕು. ಸ್ವಲ್ಪ ಹೊತ್ತು ಕಳೆದ ಮೇಲೆ ಮೂಲವನ್ನು ನೋಡದೆ, ತನ್ನ ಇಂಗ್ಲಿಷನ್ನೇ ಮರಳಿ ಲ್ಯಾಟಿನ್ನಿಗೆ ತಿರುಗಿಸಿ ಇನ್ನೊಂದು ಪುಸ್ತಕದಲ್ಲಿ ಬರೆಯಬೇಕು. ಕೊನೆಗೆ ಮೂಲವನ್ನೂ ಇದನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. ಇಂಗ್ಲಿಷರು ಪರಭಾಷೆಯನ್ನು ಕಲಿತ ಈ ಹಾದಿಯಲ್ಲಿ ನಾವು ಅವರ ಭಾಷೆಯನ್ನು ಏಕೆ ಕಲಿಯಬಾರದು?

ಇನ್ನೊಬ್ಬನು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್. ೧೭೦೬ರಲ್ಲಿ ಹುಟ್ಟಿದ ಈತನು ಹತ್ತನೆಯ ವಯಸ್ಸಿಗೇ ಶಾಲೆಯನ್ನು ಬಿಟ್ಟು, ಅಣ್ಣನ ಅಚ್ಚುಕೂಟದಲ್ಲಿ ಕೆಲಸ ಕಲಿಯಲು ನಿಂತವನು. 'ದಿ ಸ್ಪೆಕ್ಟೇಟರ್' ಎಂಬ ಪತ್ರಿಕೆಯ ಸಂಪುಟವೊಂದು ಅವನ ಕೈಗೆ ಸಿಕ್ಕಿತು. ಅದರ ಲೇಖನಗಳಲ್ಲಿ ಒಂದೊಂದು ವಾಕ್ಯದ ಭಾವವನ್ನೂ ಎರಡು ಮೂರು ಮಾತುಗಳಲ್ಲಿ ಗುರುತು ಹಾಕಿಕೊಂಡು, ಕೆಲವು ದಿನ ಪುಸ್ತಕವನ್ನು ಮುಚ್ಚಿಟ್ಟು, ಬಳಿಕ ಆ ಗುರುತುಗಳಿಂದಲೇ ಲೇಖನವನ್ನು ತನ್ನ ಮಾತಿನಲ್ಲಿ ಪುನಃ ಬರೆದು, ಮೂಲದೊಡನೆ ಹೋಲಿಸಿ ತನ್ನ ತಪ್ಪುಗಳನ್ನು ತಾನೇ ತಿದ್ದಿಕೊಂಡನೆಂದು ಅವನೇ ಆತ್ಮಚರಿತ್ರೆಯಲ್ಲಿ ತಿಳಿಸಿದ್ದಾನೆ. ಅವನಿಗೆ ಪಕ್ಕದಲ್ಲಿ ಕುಳಿತು ತಿದ್ದುವ ಗುರುವಿರಲಿಲ್ಲ; ಪುಸ್ತಕವೇ ಗುರುವಾಯಿತು.

ನಮ್ಮ ದೇಶದ ಉದಾಹರಣೆ ಬೇಕೆಂದರೆ ಪುಣೆಯ ರಮಾಬಾಯಿ ರಾನಡೆಯವರನ್ನು ನೆನೆಯಬಹುದು. ೧೮೭೩ರಲ್ಲಿ ನ್ಯಾಯಾಧೀಶ ಮಹಾದೇವ ಗೋವಿಂದ ರಾನಡೆಯವರ ಕೈಹಿಡಿದಾಗ ಆಕೆ ಹನ್ನೊಂದು ವರ್ಷದ, ಅಕ್ಷರವರಿಯದ ಬಾಲಿಕೆ. ಮೊದಲು ಮರಾಠಿ, ಆಮೇಲೆ ಇಂಗ್ಲಿಷು, ಎರಡನ್ನೂ ಪತಿಯ ಪ್ರೋತ್ಸಾಹದಿಂದ ಮನೆಯಲ್ಲಿಯೇ ಕಲಿತರು. ಮನೆಯ ಹೆಂಗಸರ ಮೂದಲಿಕೆಯನ್ನು ಸಹಿಸಿಕೊಂಡು ಕಲಿತರೆಂಬುದನ್ನು ೧೯೧೦ರಲ್ಲಿ ಪ್ರಕಟವಾದ ಅವರ ಮರಾಠಿ ಸ್ಮೃತಿಗ್ರಂಥದಲ್ಲಿ ಓದಬಹುದು. ಮೊದಲು ತನ್ನ ಮಾತು, ಆ ಮೇಲೆ ಪರರ ಮಾತು ಎಂಬ ಕ್ರಮವನ್ನು ಇಲ್ಲಿ ವಾಚಕರು ಗಮನಿಸಬೇಕು.

ಓದುವ ಬಗೆ

ಏನನ್ನು ಓದಬೇಕೆಂಬುದು ಮೊದಲನೆಯ ವಿಚಾರ. ಕಥೆಯೂ ಹೊಸದು, ಭಾಷೆಯೂ ಹೊಸದು ಆದರೆ ಓದುವವನಿಗೆ ಎರಡು ಹೊರೆ. ಕಥೆಯು ಬಲ್ಲದ್ದಾದರೆ ಒಂದು ಹೊರೆ ಇಳಿಯಿತು. ಅಜ್ಜಿಯ ಬಾಯಿಂದ ಭಾರತದ ಕಥೆಯನ್ನು ಕೇಳಿದ ಮಗುವು ಅದೇ ಕಥೆಯನ್ನು ಇಂಗ್ಲಿಷಿನಲ್ಲಿ ಓದುವಾಗ, ತಿಳಿಯದ ಪದದ ಅರ್ಥವನ್ನು ಕಥೆಯಿಂದಲೇ ಊಹಿಸಿಕೊಳ್ಳುತ್ತದೆ. ೧೯೬೭ರಲ್ಲಿ ಆರಂಭವಾದ ಅಮರ ಚಿತ್ರ ಕಥೆಯ ಪುಸ್ತಕಗಳು ಎಳೆಯರಿಗೆ ಈ ಕಾರಣದಿಂದ ಬಹಳ ಅನುಕೂಲವಾದುವು. ಅಲ್ಲಿ ಚಿತ್ರವೂ ಅರ್ಥ ಹೇಳುತ್ತದೆ. ದೊಡ್ಡವರಿಗೆ ರಾಜಾಜಿಯವರು ತಿಳಿಯಾದ ಇಂಗ್ಲಿಷಿನಲ್ಲಿ ಬರೆದು ೧೯೫೧ರಲ್ಲಿ ಪ್ರಕಟವಾದ ಮಹಾಭಾರತವುಂಟು. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯವರು ೨೦೧೫ರಲ್ಲಿ ಆರಂಭಿಸಿದ ಸ್ಟೋರಿವೀವರ್ ಎಂಬ ಅಂತರಜಾಲದ ಭಂಡಾರದಲ್ಲಿ ಒಂದೇ ಮಕ್ಕಳ ಕಥೆಯನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಹಣವಿಲ್ಲದೆ ಓದಬಹುದಾಗಿದೆ.

ಎರಡನೆಯದು ಪುಸ್ತಕದ ಕಾಠಿನ್ಯ. ಒಂದು ಪುಟದಲ್ಲಿ ತಿಳಿಯದ ಪದಗಳು ಐದಾರಕ್ಕಿಂತ ಹೆಚ್ಚಾದರೆ ಆ ಪುಸ್ತಕವನ್ನು ಸದ್ಯಕ್ಕೆ ತೆಗೆದಿಡುವುದು ಲೇಸು. ಕಠಿಣವಾದ ಪುಸ್ತಕವನ್ನು ಓದಿಸುವುದರಿಂದ ಮಗುವಿನ ಘನತೆ ಹೆಚ್ಚುವುದೆಂಬ ಭ್ರಮೆ ಹಲವರಿಗಿದೆ. ಹೆಚ್ಚುವುದು ಆಕಳಿಕೆ ಮಾತ್ರ. ಢಾಕಾದಲ್ಲಿ ಉಪಾಧ್ಯಾಯರ ತರಬೇತಿ ಕಾಲೇಜಿನ ಮುಖ್ಯಸ್ಥರಾಗಿದ್ದ ಮೈಕೆಲ್ ವೆಸ್ಟ್ ಎಂಬುವರು ಬಂಗಾಳದ ಮಕ್ಕಳನ್ನು ಬಹುಕಾಲ ಪರೀಕ್ಷಿಸಿ, ಇಂಥ ಮಕ್ಕಳಿಗೆ ಮೊದಲು ಓದುವ ಶಕ್ತಿಯನ್ನು ಕೊಡಬೇಕೆಂದೂ ಅದಕ್ಕಾಗಿ ಪದಗಳನ್ನು ಮಿತಗೊಳಿಸಿದ ಸುಲಭ ಪುಸ್ತಕಗಳು ಬೇಕೆಂದೂ ೧೯೨೬ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಾದಿಸಿದರು. ೧೯೫೩ರಲ್ಲಿ ಅವರು ಹೊರತಂದ ಪದಸೂಚಿಯಲ್ಲಿ ಇರುವ ಮುಖ್ಯಪದಗಳು ಸುಮಾರು ಎರಡು ಸಾವಿರ. ಸಾಮಾನ್ಯವಾದ ಬರಹದಲ್ಲಿ ಮರಳಿ ಮರಳಿ ಬರುವವು ಇವೇ. ಹೀಗಿರುವಲ್ಲಿ ಸುಲಭವಾದ ಹತ್ತು ಪುಸ್ತಕಗಳನ್ನು ಓದಿದವನಿಗೆ ಈ ಪದಗಳು ಬೇಡವೆಂದರೂ ಬಂದು ಸೇರುತ್ತವೆ. ಕಠಿಣವಾದ ಒಂದು ಪುಸ್ತಕದ ಮೂರನೆಯ ಪುಟದಲ್ಲಿ ನಿಂತವನಿಗೆ ಬರಲಾರವು.

ಮೂರನೆಯದು ಗಟ್ಟಿಯಾಗಿ ಓದುವುದು. ನಮ್ಮ ಕನ್ನಡದಲ್ಲಿ ಬರೆದಂತೆ ಓದುತ್ತೇವೆ. ಇಂಗ್ಲಿಷಿನಲ್ಲಿ ಅಕ್ಷರಗಳು ಇಪ್ಪತ್ತಾರು, ಧ್ವನಿಗಳು ಸುಮಾರು ನಲವತ್ತನಾಲ್ಕು. ಒಂದೊಂದು ಅಕ್ಷರ ಎರಡು ಮೂರು ಮನೆಗಳಲ್ಲಿ ದುಡಿಯಲೇಬೇಕಾಗಿದೆ. ಓ, ಯು, ಜಿ, ಎಚ್ ಎಂಬ ನಾಲ್ಕು ಅಕ್ಷರಗಳು ಒಂದಾಗಿ ಬಂದಾಗ ಒಂದು ಪದದಲ್ಲಿ 'ಥ್ರೂ' ಎಂದೂ, ಒಂದರಲ್ಲಿ 'ದೋ' ಎಂದೂ, ಒಂದರಲ್ಲಿ 'ಟಫ್' ಎಂದೂ, ಒಂದರಲ್ಲಿ 'ಕಾಫ್' ಎಂದೂ ನುಡಿಯುತ್ತವೆ. ಇದು ಮಗುವಿನ ದಡ್ಡತನವಲ್ಲ, ಆ ಭಾಷೆಯ ಚರಿತ್ರೆಯಿಂದ ಬಂದ ತೊಡಕು ಎಂಬುದನ್ನು ಮಗುವಿಗೆ ಮೊದಲೇ ತಿಳಿಸಿಬಿಡಬೇಕು. ಅರ್ಧ ಅಂಜಿಕೆ ಅಷ್ಟರಿಂದಲೇ ಹೋಗುತ್ತದೆ.

ನಾಲ್ಕನೆಯದು ಮನೆಯಲ್ಲಿ ಬಿದ್ದಿರುವ ಇಂಗ್ಲಿಷು. ಔಷಧದ ಪೆಟ್ಟಿಗೆಯ ಮೇಲಣ ಬರಹ, ವಿದ್ಯುತ್ತಿನ ಬಿಲ್ಲು, ರೈಲಿನ ಟಿಕೀಟು, ಸಾಬೂನಿನ ಹೊದಿಕೆ, ಬ್ಯಾಂಕಿನಿಂದ ಬಂದ ಕಾಗದ, ಇವೆಲ್ಲವೂ ಪಾಠಗಳೇ. ಔಷಧವನ್ನು 'ಬಿಫೋರ್ ಫುಡ್' ಎಂದಿದ್ದರೆ ಊಟಕ್ಕೆ ಮೊದಲೂ 'ಆಫ್ಟರ್ ಫುಡ್' ಎಂದಿದ್ದರೆ ಊಟವಾದ ಮೇಲೂ ಸೇವಿಸಬೇಕೆಂಬುದನ್ನು, ಯಾವ ತಿಂಗಳ ಬಳಿಕ ಅದನ್ನು ಸೇವಿಸಕೂಡದೆಂಬುದನ್ನು ಓದಿ ಹೇಳುವ ಹುಡುಗಿಯು ಮನೆಗೆ ಎಷ್ಟು ದೊಡ್ಡ ಉಪಕಾರ ಮಾಡಿದಳು! ತನ್ನ ಓದಿನಿಂದ ಅಜ್ಜನಿಗೆ ಪ್ರಯೋಜನವಾಯಿತೆಂಬ ತೃಪ್ತಿಯು ಪರೀಕ್ಷೆಯ ಅಂಕಗಳಿಂದ ಬರುವ ತೃಪ್ತಿಗಿಂತ ಹೆಚ್ಚು ಕಾಲ ಉಳಿಯುತ್ತದೆ.

ಬೆಳೆದವರಿಗೆ ವೃತ್ತಪತ್ರಿಕೆಯೇ ಸಾಕು. ಗಾಂಧಿಯವರು ೧೮೮೮ರಲ್ಲಿ ವಿಲಾಯಿತಿಗೆ ಹೋಗುವವರೆಗೂ ವೃತ್ತಪತ್ರಿಕೆಯನ್ನು ಓದಿದವರಲ್ಲ. ಅಲ್ಲಿ ನಿತ್ಯವೂ ಒಂದು ಗಂಟೆಯೊಳಗಾಗಿ ಮೂರು ಪತ್ರಿಕೆಗಳ ಮೇಲೆ ಕಣ್ಣಾಡಿಸುವ ಅಭ್ಯಾಸವನ್ನು ಇಟ್ಟುಕೊಂಡು ಅದರಲ್ಲಿ ರುಚಿಯನ್ನು ಬೆಳೆಸಿಕೊಂಡರೆಂದು ಅವರ ಆತ್ಮಕಥೆಯಿಂದ ತಿಳಿಯುತ್ತದೆ. ಮೊದಲು ಕನ್ನಡ ಪತ್ರಿಕೆಯಲ್ಲಿ ಸುದ್ದಿಯನ್ನು ಓದಿ, ಅದೇ ಸುದ್ದಿಯನ್ನು ಇಂಗ್ಲಿಷು ಪತ್ರಿಕೆಯಲ್ಲಿ ಹುಡುಕಿ ಓದಿದರೆ, ಬಲ್ಲ ಕಥೆಯನ್ನು ಓದಿದ ಫಲವೇ ಇಲ್ಲಿಯೂ ದೊರೆಯುತ್ತದೆ.

ಬರೆಯುವ ಬಗೆ

ಓದು ನೀರಿನಂತೆ ಹರಿದುಹೋಗುತ್ತದೆ. ಅದನ್ನು ನಿಲ್ಲಿಸುವುದು ಬರಹ. ಆರಂಭದಲ್ಲಿ ಓದಿದ ಪುಟದಿಂದ ಐದು ವಾಕ್ಯಗಳನ್ನು ದುಂಡಾದ ಅಕ್ಷರದಲ್ಲಿ ನಕಲು ಮಾಡಿದರೆ ಸಾಕು. ನಾಲ್ಕು ವಾರದ ಮೇಲೆ ಉಕ್ತಲೇಖನವಾಗಲಿ. ಅಕ್ಕನು ಓದಲಿ, ತಮ್ಮನು ಬರೆಯಲಿ. ಮರುದಿನ ತಮ್ಮನು ಓದಲಿ, ಅಕ್ಕನು ಬರೆಯಲಿ. ಆಮೇಲೆ ಆಸ್ಕಮ್ ಹೇಳಿದ ಇಮ್ಮಡಿ ಭಾಷಾಂತರ. ಅದರ ಗುಣವನ್ನು ಒಂದು ಉದಾಹರಣೆಯಿಂದ ತೋರಿಸುತ್ತೇವೆ.

ಬಾಯಾರಿದ ಕಾಗೆಯ ಕಥೆ ಯಾರಿಗೆ ತಿಳಿಯದು? ಅದು ಮಗುವಿನ ಪುಸ್ತಕದಲ್ಲಿ ಹೀಗಿದೆ ಎಂದಿಟ್ಟುಕೊಳ್ಳೋಣ: "ದಿ ಕ್ರೋ ವಾಸ್ ಥರ್ಸ್ಟಿ. ಇಟ್ ಸಾ ಎ ಪಾಟ್. ದೇರ್ ವಾಸ್ ಎ ಲಿಟ್ಲ್ ವಾಟರ್ ಇನ್ ದಿ ಪಾಟ್." ಮಗುವು ಇದನ್ನು ಕನ್ನಡದಲ್ಲಿ ಬರೆಯುತ್ತದೆ: "ಕಾಗೆಗೆ ಬಾಯಾರಿಕೆಯಾಗಿತ್ತು. ಅದು ಒಂದು ಗಡಿಗೆಯನ್ನು ಕಂಡಿತು. ಗಡಿಗೆಯಲ್ಲಿ ಸ್ವಲ್ಪ ನೀರಿತ್ತು." ಎರಡು ದಿನಗಳ ಬಳಿಕ ಪುಸ್ತಕವನ್ನು ಮುಚ್ಚಿಟ್ಟು, ಈ ಕನ್ನಡವನ್ನು ಮರಳಿ ಇಂಗ್ಲಿಷು ಮಾಡುವಾಗ ಪ್ರಾಯಶಃ ಹೀಗೆ ಬರೆದೀತು: "ಟು ಕ್ರೋ ವಾಸ್ ಥರ್ಸ್ಟಿ. ಇಟ್ ಸಾ ಪಾಟ್. ಇನ್ ಪಾಟ್ ಲಿಟ್ಲ್ ವಾಟರ್ ವಾಸ್." ಈಗ ಪುಸ್ತಕವನ್ನು ತೆರೆಯಿರಿ, ಎರಡನ್ನೂ ಪಕ್ಕಪಕ್ಕದಲ್ಲಿಡಿರಿ.

ಮೊದಲನೆಯ ವಾಕ್ಯದಲ್ಲಿ ಎಷ್ಟು ದೊಡ್ಡ ಪಾಠವಿದೆ ನೋಡಿರಿ. ಕನ್ನಡದಲ್ಲಿ ಬಾಯಾರಿಕೆಯು ಕಾಗೆಗೆ ಆಗುತ್ತದೆ. ಕಾಗೆಗೆ ಚತುರ್ಥೀ ವಿಭಕ್ತಿ. ಇಂಗ್ಲಿಷಿನಲ್ಲಿ ಕಾಗೆಯೇ ಕರ್ತೃ. ನಮಗೆ ಹಸಿವಾಗುತ್ತದೆ, ಚಳಿಯಾಗುತ್ತದೆ, ಸಂತೋಷವಾಗುತ್ತದೆ. ಇಂಗ್ಲಿಷಿನವನು ತಾನೇ ಹಸಿದವನು, ಚಳಿಗೊಂಡವನು, ಸಂತುಷ್ಟನು ಆಗಿರುತ್ತಾನೆ. ಎರಡನೆಯ ವಾಕ್ಯದಲ್ಲಿ ಗಡಿಗೆಯು ಮೊದಲ ಸಲ ಬಂದಿದೆ, ಆದುದರಿಂದ 'ಎ ಪಾಟ್'. ಮೂರನೆಯದರಲ್ಲಿ ಅದು ಆಗಲೇ ಪರಿಚಯವಾದ ಗಡಿಗೆ, ಆದುದರಿಂದ 'ದಿ ಪಾಟ್'. ಇನ್ನು 'ಎ ಲಿಟ್ಲ್ ವಾಟರ್' ಎಂದರೆ ಸ್ವಲ್ಪ ನೀರು ಉಂಟು ಎಂಬ ಭಾವ. ಬರಿಯ 'ಲಿಟ್ಲ್ ವಾಟರ್' ಎಂದರೆ ನೀರು ಇಲ್ಲವೆಂಬಷ್ಟು ಕಡಿಮೆ ಎಂಬ ಭಾವ. ಒಂದು ಪುಟ್ಟ ಅಕ್ಷರ ಬಿಟ್ಟುಹೋದರೆ ಕಾಗೆಯ ಆಸೆಯೇ ನಿರಾಸೆಯಾಯಿತು! ಕ್ರಿಯಾಪದದ ಸ್ಥಾನವೂ ಬೇರೆ. ನಾವು ಅದನ್ನು ವಾಕ್ಯದ ಕೊನೆಗೆ ಕಾಯ್ದಿಡುತ್ತೇವೆ, ಅವರು ಮೊದಲೇ ಹೇಳಿಬಿಡುತ್ತಾರೆ.

ನಮ್ಮ ಸಪ್ತಮೀ ವಿಭಕ್ತಿಯ ಕಥೆಯೂ ಹೀಗೆಯೇ. ಪೆಟ್ಟಿಗೆಯಲ್ಲಿ, ಬಾಗಿಲಲ್ಲಿ, ದಾರಿಯಲ್ಲಿ ಎಂದು ನಾವು ಒಂದೇ ಪ್ರತ್ಯಯದಿಂದ ನಿರ್ವಹಿಸುವ ಕೆಲಸವನ್ನು ಅವರು 'ಇನ್', 'ಅಟ್', 'ಆನ್' ಎಂದು ಮೂವರಿಗೆ ಹಂಚುತ್ತಾರೆ. ಇದಕ್ಕೆ ನಿಯಮವನ್ನು ಹೇಳಹೊರಟರೆ ಒಂದು ಅಧ್ಯಾಯವೇ ಬೇಕು. ಎರಡು ಬರಹಗಳನ್ನು ಹೋಲಿಸಿ ನೋಡುವ ಮಗುವಿನ ಕಣ್ಣಿಗೆ ಅದು ತಾನಾಗಿಯೇ ಬೀಳುತ್ತದೆ. ಹೀಗೆ ತಾನೇ ಕಂಡ ತಪ್ಪನ್ನು ಮಗು ಮರೆಯುವುದಿಲ್ಲ. ಕೆಂಪು ಮಸಿಯಿಂದ ಇನ್ನೊಬ್ಬರು ಗೀರಿದ ತಪ್ಪನ್ನು ನೆನಪಿನಲ್ಲಿ ಇಟ್ಟುಕೊಂಡ ಮಕ್ಕಳು ಕಡಿಮೆ. ತಿದ್ದುವ ಕೆಲಸವನ್ನು ಪುಸ್ತಕವೇ ಮಾಡುವುದರಿಂದ ಇಂಗ್ಲಿಷು ಬಲ್ಲ ಹಿರಿಯರು ಪಕ್ಕದಲ್ಲಿ ಇರಲೇಬೇಕೆಂಬ ನಿರ್ಬಂಧವೂ ಇಲ್ಲಿ ಇಲ್ಲ. ಆದರೆ ಒಂದು ದಿನಕ್ಕೆ ಒಂದೇ ಬಗೆಯ ತಪ್ಪನ್ನು ಹುಡುಕತಕ್ಕದ್ದು. ಎಲ್ಲವನ್ನೂ ಒಮ್ಮೆಗೇ ಹುಡುಕಿದರೆ ಉತ್ಸಾಹ ಕುಂದುತ್ತದೆ.

ಹೈಸ್ಕೂಲಿನ ವಯಸ್ಸಿನವರು ಫ್ರಾಂಕ್ಲಿನ್ನನ ಅಭ್ಯಾಸವನ್ನು ಹಿಡಿಯಬಹುದು. ಅದಕ್ಕೂ ಮುಂದೆ ಸ್ವಂತ ಬರಹ. ಇಲ್ಲಿ 'ನಮ್ಮ ಹಸು', 'ರೈಲು ಪ್ರಯಾಣ' ಮುಂತಾದ ಪ್ರಬಂಧಗಳನ್ನು ಕೊಡುವುದಕ್ಕಿಂತ, ಯಾರಿಗಾದರೂ ನಿಜವಾಗಿ ಬೇಕಾಗುವ ಬರಹವನ್ನು ಬರೆಯಿಸುವುದು ಮೇಲು. ದಿನಕ್ಕೆ ಮೂರು ವಾಕ್ಯಗಳ ದಿನಚರಿ, ಸಂತೆಯ ಸಾಮಾನಿನ ಪಟ್ಟಿ, ಪರಸ್ಥಳದಲ್ಲಿರುವ ಸೋದರಮಾವನಿಗೆ ಕಾಗದ, ನೀರಿನ ಕೊಳವೆ ಕೆಟ್ಟಿದೆಯೆಂದು ಪುರಸಭೆಗೆ ಅರ್ಜಿ, ತಾಯಿಯು ಹೇಳಿದ ಹುಳಿಯ ಪಾಕವಿಧಾನ, ಇವು ನಾವು ಹೇಳುವ ಬರಹಗಳು. ಹುಳಿಗೆ ಇಂಗ್ಲಿಷಿನಲ್ಲಿ ಹೆಸರಿಲ್ಲವೆಂದು ಮಗು ಬಂದು ಹೇಳಿದರೆ, 'ಹುಳಿ' ಎಂದೇ ಬರೆಯಲು ಹೇಳಿರಿ. ಪ್ರತಿಯೊಂದು ಭಾಷೆಗೂ ತನ್ನದೇ ಆದ ಅಡುಗೆಮನೆ ಇದೆಯೆಂಬ ತಿಳಿವಳಿಕೆಯೂ ಭಾಷಾಜ್ಞಾನದಲ್ಲಿ ಸೇರಿದುದೇ.

ನಿಘಂಟನ್ನು ಓದು ಮುಗಿದ ಮೇಲೆ ತೆರೆಯಬೇಕು. ಓದಿನ ನಡುವೆ ಅಲ್ಲ. ಹಿಂದಿನವರು ಈ ಕೆಲಸದಲ್ಲಿ ನಮಗಾಗಿ ಎಷ್ಟು ದುಡಿದಿದ್ದಾರೆ! ಮಂಗಳೂರಿನ ಬಾಸೆಲ್ ಮಿಶನ್ನಿನಿಂದ ೧೮೯೪ರಲ್ಲಿ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದಿತು. ೧೯೪೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ಬಂದಿತು. ಮನೆಯಲ್ಲಿ ಒಂದು ಒಳ್ಳೆಯ ನಿಘಂಟು ಇರುವುದು ಪಂಚಾಂಗ ಇರುವಷ್ಟೇ ಆವಶ್ಯಕ.

ಕೈಯಲ್ಲಿರುವ ಯಂತ್ರ

ಮೊಬೈಲು ಕ್ಷಣಮಾತ್ರದಲ್ಲಿ ಭಾಷಾಂತರ ಮಾಡಿಕೊಡುವ ಈ ಕಾಲದಲ್ಲಿ ಇಷ್ಟು ಶ್ರಮವೇಕೆಂದು ತರುಣರು ಕೇಳುತ್ತಾರೆ. ನಾವು ಯಂತ್ರವನ್ನು ದೂರುವವರಲ್ಲ. ಪದದ ಉಚ್ಚಾರಣೆಯನ್ನು ಅದರಿಂದ ಕೇಳಿ ತಿಳಿಯಬಹುದು. ಗುರುವಿಲ್ಲದ ಮನೆಗೆ ಇದು ಅಲ್ಪವಾದ ಲಾಭವಲ್ಲ. ನಿಘಂಟನ್ನೂ ಅದರಲ್ಲಿಯೇ ನೋಡಬಹುದು. ಆದರೆ ಒಂದು ನಿಯಮ ಬೇಕು. ಮೊದಲು ಸ್ವಂತ ಬರಹ, ಆ ಬಳಿಕ ಯಂತ್ರದ ಬರಹ, ಎಂದಿಗೂ ತಿರುಗುಮುರುಗಾಗಕೂಡದು. ಕಾಲು ನೋಯುವವನಿಗೆ ಊರುಗೋಲು ಬೇಕು; ನಡೆಯಲು ಕಲಿಯುವ ಮಗುವಿಗೆ ಅದನ್ನು ಕೊಟ್ಟರೆ ಕಾಲೇ ಬಲಿಯುವುದಿಲ್ಲ.

ಕೇಳುವವರು

ಇನ್ನು ಮುಖ್ಯವಾದ ಮಾತಿಗೆ ಬರೋಣ. ಮಗುವು ಇಂಗ್ಲಿಷಿನಲ್ಲಿ ಓದಿದುದನ್ನು ದಿನವೂ ಒಬ್ಬರಿಗೆ ಕನ್ನಡದಲ್ಲಿ ಹೇಳಬೇಕು. ಹಾಗೆ ಹೇಳಲಾರದಿದ್ದರೆ ಅದು ಓದಿದುದನ್ನು ಗ್ರಹಿಸಿಲ್ಲವೆಂದೇ ಅರ್ಥ. ಬಾಯಿಪಾಠದಿಂದ ಉಪಾಧ್ಯಾಯರನ್ನು ವಂಚಿಸಬಹುದು. ಮುಂದೇನಾಯಿತೆಂದು ಕುತೂಹಲದಿಂದ ಕುಳಿತ ಅಜ್ಜಿಯನ್ನು ವಂಚಿಸಲಾಗದು. "ಆಮೇಲೆ ಏನಾಯಿತೋ? ಅವನು ಯಾಕೆ ಹಾಗಂದ?" ಎಂಬ ಆಕೆಯ ಪ್ರಶ್ನೆಗೆ ಉತ್ತರ ಹೇಳಲು ಹುಡುಗನು ಪುಸ್ತಕವನ್ನು ಮತ್ತೆ ತೆರೆಯಬೇಕಾಗುತ್ತದೆ. ಆ ಎರಡನೆಯ ಓದು ಮೊದಲನೆಯದಕ್ಕಿಂತ ಹತ್ತು ಪಾಲು ಹೆಚ್ಚಿನದು.

ಹೀಗೆ ಕೇಳುವುದಕ್ಕೆ ಇಂಗ್ಲಿಷು ಬರಬೇಕಾಗಿಲ್ಲ. ಕಿವಿಯೂ ಆಸಕ್ತಿಯೂ ಇದ್ದರೆ ಸಾಕು. ಸೊಪ್ಪು ಬಿಡಿಸುತ್ತ, ಬತ್ತಿ ಹೊಸೆಯುತ್ತ ತಾಯಿಯು ಈ ಪಾಠವನ್ನು ನಡೆಸಬಲ್ಲಳು. ಮಗು ತಪ್ಪು ಹೇಳಿದರೆ ಆಕೆಗೆ ತಿಳಿಯುವುದು ಹೇಗೆ ಎಂದು ಕೇಳಬಹುದು. ಕಥೆಯು ಎಲ್ಲಿಯೋ ಒಂದು ಕಡೆ ಕೂಡಿಬರದೆ ಹೋದರೆ ಅಲ್ಲಿ ತಪ್ಪಿದೆಯೆಂದು ಬಲ್ಲವರು ಕಥೆ ಕೇಳಿ ಬೆಳೆದವರೆಲ್ಲರೂ. "ಇದು ಸರಿಹೋಗಲಿಲ್ಲವಲ್ಲ ಮಗೂ, ಇನ್ನೊಮ್ಮೆ ನೋಡು" ಎಂದರೆ ಸಾಕು.

ಇದರಿಂದ ಭಾಷೆಗೆ ಆಗುವ ಲಾಭಕ್ಕಿಂತ ಮನೆಗೆ ಆಗುವ ಲಾಭ ದೊಡ್ಡದು. "ನಿನಗೆ ತಿಳಿಯುವುದಿಲ್ಲ" ಎನ್ನುವ ಮಗುವಿನ ಬದಲು "ಇವತ್ತು ಏನು ಓದಿದೆ ಗೊತ್ತೇನಮ್ಮ?" ಎಂದು ಓಡಿಬರುವ ಮಗು ಆ ಮನೆಯಲ್ಲಿ ಬೆಳೆಯುತ್ತದೆ. ಎಷ್ಟೋ ಮನೆಗಳಲ್ಲಿ ಹೀಗೆ ಕೇಳುತ್ತ ಕುಳಿತ ತಾಯಂದಿರು ವರ್ಷವೊಂದು ಕಳೆಯುವುದರೊಳಗೆ ಅಕ್ಷರಗಳನ್ನು ಕೂಡಿಸಿ ಓದತೊಡಗಿದುದನ್ನು ನಾವು ನೋಡಿದ್ದೇವೆ. ಮಗುವಿಗೂ ಇನ್ನೊಬ್ಬರಿಗೆ ಹೇಳಿಕೊಟ್ಟಂತೆಲ್ಲ ತನ್ನ ಪಾಠ ಗಟ್ಟಿಯಾಗುತ್ತದೆ.

ವಾರದ ಕ್ರಮ

ಎಲ್ಲವನ್ನೂ ದಿನಕ್ಕೆ ಅರ್ಧ ಗಂಟೆಯಲ್ಲಿ ಮುಗಿಸಬಹುದು. ಸೋಮವಾರ ಬಲ್ಲ ಕಥೆಯ ಒಂದು ಪುಟವನ್ನು ಗಟ್ಟಿಯಾಗಿ ಓದಿ ಐದು ವಾಕ್ಯಗಳ ನಕಲು. ಮಂಗಳವಾರ ಅದರದೇ ಉಕ್ತಲೇಖನ. ಬುಧವಾರ ಕನ್ನಡಕ್ಕೆ ಭಾಷಾಂತರ. ಗುರುವಾರ ಪತ್ರಿಕೆಯ ಒಂದು ಸುದ್ದಿ ಅಥವಾ ಮನೆಯ ಯಾವುದಾದರೂ ಕಾಗದಪತ್ರದ ಓದು. ಶುಕ್ರವಾರ ಬುಧವಾರದ ಕನ್ನಡವನ್ನು ಮರಳಿ ಇಂಗ್ಲಿಷಿಗೆ ತಿರುಗಿಸಿ ಮೂಲದೊಡನೆ ಹೋಲಿಕೆ. ಶನಿವಾರ ದಿನಚರಿ ಅಥವಾ ಕಾಗದ. ಭಾನುವಾರ ಬರಹವಿಲ್ಲ, ಎಲ್ಲರೂ ಕುಳಿತಿರುವಾಗ ವಾರದ ಕಥೆಯನ್ನು ಒಮ್ಮೆ ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳಲಿ. ಬರೆದುದಕ್ಕೆಲ್ಲ ತಾರೀಖು ಹಾಕಿ ಒಂದೇ ಪುಸ್ತಕದಲ್ಲಿ ಇಟ್ಟುಕೊಳ್ಳತಕ್ಕದ್ದು. ಆರು ತಿಂಗಳ ಮೇಲೆ ಮೊದಲನೆಯ ಪುಟವನ್ನು ತೆರೆದು ನೋಡಿದ ಮಗುವಿಗೆ ಬೇರೆ ಬಹುಮಾನ ಬೇಕಾಗುವುದಿಲ್ಲ. ಹಬ್ಬಹುಣ್ಣಿಮೆಗಳಲ್ಲಿ ತಪ್ಪಿದರೆ ಚಿಂತ�ೆಯಿಲ್ಲ. ಒಂದು ದಿನ ತಪ್ಪಿತೆಂದು ಎರಡನೆಯ ದಿನವೂ ಬಿಡುವುದು ಮಾತ್ರ ಸಲ್ಲದು.

ಇಂಗ್ಲಿಷು ಕಲಿತರೆ ಕನ್ನಡ ಕೆಡುವುದೆಂದು ಅಂಜುವವರೂ ಉಂಟು, ಕನ್ನಡವನ್ನು ಬಿಟ್ಟಲ್ಲದೆ ಇಂಗ್ಲಿಷು ಬಾರದೆಂದು ನಂಬಿದವರೂ ಉಂಟು. ಇಬ್ಬರಿಗೂ ಒಂದೇ ಸಮಾಧಾನ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷನ್ನು ಬೋಧಿಸುತ್ತಿದ್ದ ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷು ಕವಿತೆಗಳನ್ನು ಕನ್ನಡಕ್ಕೆ ತಂದು, ೧೯೨೬ರಲ್ಲಿ 'ಇಂಗ್ಲಿಷ್ ಗೀತಗಳು' ಎಂಬ ಹೆಸರಿನಿಂದ ಪ್ರಕಟಿಸಿದರು. ಹೊಸಗನ್ನಡ ಕಾವ್ಯಕ್ಕೆ ಅದರಿಂದ ದಾರಿ ತೆರೆಯಿತೆಂಬುದನ್ನು ಬಲ್ಲವರೆಲ್ಲ ಒಪ್ಪುತ್ತಾರೆ. ಪರಭಾಷೆಯನ್ನು ಅಷ್ಟು ಚೆನ್ನಾಗಿ ಕಲಿತುದರಿಂದ ಅವರ ಕನ್ನಡ ಕೆಡಲಿಲ್ಲ. ಕನ್ನಡದ ಮೇಲಣ ಪ್ರೀತಿಯಿಂದ ಅವರ ಇಂಗ್ಲಿಷೂ ಕುಂದಲಿಲ್ಲ. ನಮ್ಮ ಮಕ್ಕಳೆಲ್ಲರೂ ಕವಿಗಳಾಗಬೇಕಾಗಿಲ್ಲ. ಹೊರಗಿನಿಂದ ತಂದುದನ್ನು ಮನೆಯವರೊಡನೆ ಹಂಚಿಕೊಳ್ಳುವಷ್ಟು ಅವರಿಗೆ ಬಂದರೆ ಸಾಕು. ಅದಕ್ಕೆ ಬೇಕಾದ ಸಾಮಗ್ರಿಯು ಒಂದು ಸುಲಭವಾದ ಪುಸ್ತಕ, ಒಂದು ನೋಟುಪುಸ್ತಕ, ಕೇಳಲು ಒಬ್ಬರು. ಇವು ಇಲ್ಲದ ಮನೆ ವಿರಳ. ವಾಚಕರು ಈ ಸೋಮವಾರದಿಂದಲೇ ಆರಂಭಿಸಿ ನೋಡಲಿ ಎಂದು ಬಯಸುತ್ತೇವೆ.